ಡೊರೊತಿಬಾಯಿಯ ಅರಳಿ ಮರ

ಶ್ರಾವಣ ಶುಕ್ರವಾರದ ಅರಿಶಿನ-ಕುಂಕುಮ ಲಂಡನ್ನಿನಲ್ಲಿ ಶನಿವಾರ ನಡೆಯುತ್ತದೆ. ಶುಕ್ರವಾರ ಎಲ್ಲರಿಗೂ ಆಫೀಸು, ಲಕ್ಷ್ಮಿಯೂ ಅದಕ್ಕೆ ಹೊಂದಿಕೊಂಡಿದ್ದಾಳೆ. ಈ ಸಲ ಹ್ಯಾರೋದಿಂದ ಕರೆ ಬಂದಾಗ ವಿಳಾಸ ಕೇಳಿ ನಾನು ಅದನ್ನು ಎರಡು ಸಲ ಹೇಳಿಸಿಕೊಂಡೆ. ನಾವು ಸಂಸಾರ ಹೂಡಿ, ಕೊನೆಗೆ ಬಿಟ್ಟು ಬಂದ ಅದೇ ಬೀದಿ. ನಮ್ಮ ಹಳೆಯ ಮನೆಗೂ ಕರೆದವರ ಮನೆಗೂ ನಡುವೆ ಒಂದೇ ಮನೆ. ಕರೆದವಳು ವಿದ್ಯಾ, ವಿಜಾಪುರದ ಹುಡುಗಿ, ಮದುವೆಯಾಗಿ ಬಂದು ಇನ್ನೂ ಎರಡು ವರ್ಷವಾಗಿಲ್ಲ, ಗಂಡ ಕ್ಯಾನರಿ ವಾರ್ಫಿನ ಬ್ಯಾಂಕೊಂದರಲ್ಲಿ ಕೆಲಸಕ್ಕಿದ್ದಾನೆ. ಅವಳಿಗೆ ನನ್ನ ಹಳೆಯ ಕಥೆ ಏನೂ ಗೊತ್ತಿರಲಿಲ್ಲ. ಹೋಗಬಾರದು, ಹೋಗಬಾರದು ಎಂದುಕೊಳ್ಳುತ್ತಲೇ ಸೀರೆ ಉಟ್ಟು ಸಟನ್ನಿನಿಂದ ರೈಲು ಹತ್ತಿದೆ.

ಹಾಡು, ಆರತಿ, ಕೋಸಂಬರಿ ಎಲ್ಲ ಮುಗಿದ ಮೇಲೆ ವಿದ್ಯಾ ನನ್ನ ಕೈ ಹಿಡಿದು ಎಬ್ಬಿಸಿದಳು.

"ಆಂಟಿ, ಹಿತ್ತಲಕ್ಕ ಬರ್ರಿ, ನಿಮಗೊಂದು ತೋರಸ್ತೀನಿ. ನಮ್ಮ ಹಿತ್ತಲದಾಗ ಅರಳಿ ಗಿಡ ಹುಟ್ಟೈತ್ರಿ! ಯಾರೂ ಹಚ್ಚಿಲ್ಲ, ತಾನ ಹುಟ್ಟೈತಿ."

ಹಿತ್ತಲಿನ ಹಾಸುಗಲ್ಲುಗಳ ಸಂದಿಯಲ್ಲಿ ಮೊಣಕಾಲೆತ್ತರದ ಒಂದು ಕುಡಿ. ಹೃದಯದಾಕಾರದ ಎಲೆ, ಗಾಳಿಯಿಲ್ಲದಿದ್ದರೂ ಅಲ್ಲಾಡುವ ಎಲೆ. ಬುಡಕ್ಕೆ ಅರಿಶಿನ, ಕುಂಕುಮ, ಪಕ್ಕದಲ್ಲಿ ಆರಿದ ಒಂದು ಹಣತೆ. ನಾನು ಬಗ್ಗಿ ಒಂದು ಎಲೆಯನ್ನು ಉಗುರಿನಿಂದ ಚಿವುಟಿ ಮೂಗಿಗೆ ಹಿಡಿದೆ. ಅದೇ ವಾಸನೆ: ಸ್ವಲ್ಪ ಕಹಿ, ಸ್ವಲ್ಪ ಸಿಹಿ, ಹಳೆಯ ಔಷಧದ ಬಾಟಲಿಯ ಬೂಚು ತೆಗೆದಂತೆ. ಅರಳಿ ಎಲೆಗೆ ಈ ವಾಸನೆ ಇರುವುದಿಲ್ಲ. ಆ ಕುಡಿ ಏನು, ಯಾವ ಬೇರಿನಿಂದ ಬಂದದ್ದು ಎಂದು ನನ್ನಷ್ಟು ಚೆನ್ನಾಗಿ ಆ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೆ 2003ರ ಬೇಸಿಗೆ ನೆನಪಾಯಿತು. ನೆನಪಾಯಿತು ಅನ್ನುವುದೂ ಸುಳ್ಳೇ, ನಾನು ಅದನ್ನು ಮರೆತದ್ದು ಯಾವಾಗ?

ಆ ಮನೆಯನ್ನು ಕೊಂಡಾಗ ನಾವು ಮೂವರು. ನಾನು, ಆಸ್ಪತ್ರೆಯ ಲ್ಯಾಬಿನಲ್ಲಿದ್ದ ನನ್ನ ಗಂಡ ಶ್ರೀಕಾಂತ, ಕೈಗೂಸಾಗಿದ್ದ ಮಗಳು ಅನಘಾ. ಎರಡು ವರ್ಷದ ನಂತರ ಮಾವ ತೀರಿಕೊಂಡರು, ಧಾರವಾಡದಿಂದ ಅತ್ತೆ ಬಂದರು. ಬಂದ ಮರುದಿನ ಬೆಳಿಗ್ಗೆ ಅಡುಗೆಮನೆಯ ಕಿಟಕಿಯಿಂದ ಪಕ್ಕದ ಮನೆಯ ಹಿತ್ತಲು ನೋಡಿ ಕೈ ಜೋಡಿಸಿ ನಿಂತುಬಿಟ್ಟರು.

"ಶ್ರೀಕಾಂತಾ, ಅಶ್ವತ್ಥ ಅದಲ್ಲೋ! ಮೊದಲ ಹೇಳಬಾರದಾ? ನಾ ಇಲ್ಲೆ ಹ್ಯಾಂಗ ದಿನಾ ಕಳೀಲಿ ಅಂತ ವಿಮಾನದಾಗ ಅಳಕೋತ ಬಂದೆ."

ಅದು ಪಾಪ್ಲರ್ ಮರ. ಮೂರು ಮಹಡಿಯೆತ್ತರ ಇತ್ತು, ನಮ್ಮ ಬೇಲಿಗೆ ಹತ್ತಿಕೊಂಡೇ ನಿಂತಿತ್ತು, ಅದರ ದೊಡ್ಡದೊಂದು ಕೊಂಬೆ ಬೇಲಿ ದಾಟಿ ನಮ್ಮ ಹಿತ್ತಲಿನ ಮೇಲೆ ಚಾಚಿತ್ತು. ಎಲೆಯ ಆಕಾರ, ಎಲೆಯ ನಡುಕ, ಎಲ್ಲ ಅರಳಿಯದೇ. ನಾನು ಅತ್ತೆಗೆ ಹೇಳಿದೆ, ಇದು ಅರಳಿ ಅಲ್ಲ ಎಂದು. ಶ್ರೀಕಾಂತ ನನ್ನ ಕಾಲು ತುಳಿದರು. ಗಂಡನನ್ನು ಕಳೆದುಕೊಂಡು, ಭಾಷೆ ಬಾರದ ಊರಿಗೆ ಬಂದ ಅವ್ವನಿಗೆ ಒಂದು ಮರವಾದರೂ ಪರಿಚಯದ್ದು ಸಿಗಲಿ ಎಂಬುದು ಅವರ ಲೆಕ್ಕ. ಚಳಿಗಾಲದಲ್ಲಿ ಎಲೆಯೆಲ್ಲ ಉದುರಿದಾಗ ಅತ್ತೆ "ತಪಸ್ಸಿಗೆ ಕೂತದ" ಅಂದರು. ಬೇಸಿಗೆಯಲ್ಲಿ ಅದರಿಂದ ಹತ್ತಿಯಂಥದ್ದು ಉದುರಿದಾಗ ಅದನ್ನೂ ಆರಿಸಿ ಹೂಬತ್ತಿ ಹೊಸೆದರು. ಅರಳಿಗೆ ಹತ್ತಿ ಎಲ್ಲಿಂದ ಬರಬೇಕು ಎಂದು ಯಾರೂ ಕೇಳಲಿಲ್ಲ.

ಮರದ ಒಡತಿ ಡೊರೊತಿ, ಎಪ್ಪತ್ತು ದಾಟಿದ ವಿಧವೆ, ಮಕ್ಕಳಿಲ್ಲ. ಅತ್ತೆಯ ಬಾಯಲ್ಲಿ ಎರಡೇ ವಾರಕ್ಕೆ ಡೊರೊತಿಬಾಯಿ ಆದಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು, ಅದರಿಂದಲೇ ಇರಬೇಕು ಒಂದು ದಿನವೂ ಜಗಳವಾಗಲಿಲ್ಲ. ಶನಿವಾರ ಪ್ರದಕ್ಷಿಣೆ ಹಾಕಲು ಅನುಕೂಲವಾಗಲಿ ಎಂದು ಡೊರೊತಿ ತಾನೇ ಆಳು ಕರೆಸಿ ಬೇಲಿಯ ಎರಡು ಹಲಗೆ ಕಿತ್ತಿಸಿ ಪುಟ್ಟ ಬಾಗಿಲು ಮಾಡಿಸಿಕೊಟ್ಟಳು. ಸುದ್ದಿ ಹಬ್ಬಿತು. ಹ್ಯಾರೋ, ವೆಂಬ್ಲಿಯ ಕನ್ನಡದ ಹೆಂಗಸರು ಶನಿವಾರ ತಂಬಿಗೆ ಹಿಡಿದು ಬರತೊಡಗಿದರು. ಬೇಳೆಕಾಳಿನ ಅಂಗಡಿ ಇಟ್ಟಿದ್ದ ಕುಂದಾಪುರದ ಅಮ್ಮ ಒಬ್ಬರೇ ಒಮ್ಮೆ ಬಂದು, ಕತ್ತೆತ್ತಿ ನೋಡಿ, "ಅದು ಅಶ್ವತ್ಥ ಅಲ್ಲ ಮಾರಾಯ್ರೆ" ಅಂದರು. ಅವರನ್ನು ಆಮೇಲೆ ಯಾರೂ ಕರೆಯಲಿಲ್ಲ. ಪುಣ್ಯಕ್ಕೆ ಮರಕ್ಕೆ ಮುಂಜಿ ಮಾಡಲಿಲ್ಲ. ಪಕ್ಕದಲ್ಲಿ ಒಂದು ಬೇವಿನ ಗಿಡ ಸಿಕ್ಕಿದ್ದರೆ ಮದುವೆಯನ್ನೂ ಮುಗಿಸುತ್ತಿದ್ದರು.

ಡೊರೊತಿಯ ಅಣ್ಣನ ಮಗನಿಗೆ ಆ ಮರ ಕಡಿಸಬೇಕೆಂದಿತ್ತು. ಪಾಪ್ಲರ್ ಮನೆಗೆ ಅಪಾಯ, ಬೇರು ನೆಲದ ನೀರೆಲ್ಲ ಹೀರುತ್ತದೆ, ಕೊಂಬೆ ಪೆಡಸು ಎಂದು ಅವನು ನನ್ನೆದುರೇ ಹೇಳಿದ. ಅದೊಂದು ಸಲ ಅವನು ಹೇಳಿದ್ದು ಸರಿಯಾಗಿತ್ತು. ಡೊರೊತಿ ಅತ್ತೆಯ ಮುಖ ನೋಡಿದಳು. ಅತ್ತೆಗೆ ಮಾತು ತಿಳಿಯದಿದ್ದರೂ ಅವನ ಕೈಸನ್ನೆ ತಿಳಿಯಿತು, ಕಣ್ಣು ತುಂಬಿತು. ಮುಂದಿನ ತಿಂಗಳು ಡೊರೊತಿ ತಾನೇ ಮಾಡಿದ ಕೇಕ್ ಹಿಡಿದು ಬೇಲಿಯ ಬಾಗಿಲಿಂದ ಬಂದಳು. ಇಲ್ಲಿನ ನಗರಸಭೆಯಾದ ಕೌನ್ಸಿಲ್‌ಗೆ ಬರೆದು ಮರಕ್ಕೆ ರಕ್ಷಣೆಯ ಆದೇಶ ಕೊಡಿಸಿದ್ದೇನೆ, ಸುತ್ತಲಿನ ಇಷ್ಟೊಂದು ಹೆಂಗಸರು ಪೂಜಿಸುವ ಮರ ಎಂದು ತಿಳಿಸಿದ್ದೇನೆ, ಇನ್ನು ನಾನು ಸತ್ತರೂ ಯಾರೂ ಇದಕ್ಕೆ ಕೊಡಲಿ ಹಾಕುವಂತಿಲ್ಲ, ಇದು ನಿನ್ನ ಅತ್ತೆಗೆ ನನ್ನ ಉಡುಗೊರೆ ಎಂದಳು. ನಾನು ಅನುವಾದಿಸಿದೆ. ಅತ್ತೆ ಅವಳ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡರು. ನನ್ನ ಕಣ್ಣೂ ಒದ್ದೆಯಾಗಿತ್ತು, ಯಾಕೆ ಸುಳ್ಳು ಹೇಳಲಿ. ಅಷ್ಟು ಪ್ರೀತಿಯಿಂದ ಯಾರಾದರೂ ನಮ್ಮ ಕತ್ತಿಗೆ ಕುಣಿಕೆ ಹಾಕಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಡೊರೊತಿ ತೀರಿಕೊಂಡಳು. ಮನೆ ಅಣ್ಣನ ಮಗನಿಗೆ ಹೋಯಿತು, ಅವನು ಅದನ್ನು ಏಜೆನ್ಸಿಗೆ ಒಪ್ಪಿಸಿ ಸ್ಪೇನಿಗೆ ಹೋದ. ಬಾಡಿಗೆಗೆ ಬಂದ ಹುಡುಗರಿಗೆ ಮರವಿದೆಯೆಂಬ ಪರಿವೆಯೂ ಇರಲಿಲ್ಲ. ಆ ಹೊತ್ತಿಗೆ ಅತ್ತೆಯ ಮೊಣಕಾಲು ಕೈಕೊಟ್ಟಿದ್ದವು, ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ಅಡುಗೆಮನೆಯ ಹಿಂದಕ್ಕೆ ಅವರಿಗೆಂದೇ ಒಂದು ಕೋಣೆ ಕಟ್ಟಿಸಿದೆವು, ಮಟ್ಟಸ ಮಾಡಿನ ಸಣ್ಣ ಕೋಣೆ. ಪ್ರದಕ್ಷಿಣೆ ನಿಂತಿತ್ತು, ಕಿಟಕಿಯಿಂದಲೇ ನಮಸ್ಕಾರ. ನೀರು ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಆ ಕೋಣೆಯ ಸರಿಯಾಗಿ ಮೇಲೆ ಆ ಕೊಂಬೆ.

2003ರ ಬೇಸಿಗೆ ಲಂಡನ್ನಿನ ಬೇಸಿಗೆಯಾಗಿರಲಿಲ್ಲ. ಹುಲ್ಲು ಹಳದಿಯಾಯಿತು, ಟ್ಯೂಬಿನಲ್ಲಿ ಜನ ತಲೆ ತಿರುಗಿ ಬಿದ್ದರು, ಇಂಗ್ಲಿಷರು ಮೊದಮೊದಲು ಸಂಭ್ರಮಪಟ್ಟು ಆಮೇಲೆ ಪೆಚ್ಚಾದರು. "ಧಾರವಾಡದ ಬಿಸಲ ಆಟೋ ಹತ್ತಿ ಬಂದದ" ಎಂದು ಅತ್ತೆ ನಕ್ಕರು. ನಗು ಬೇಗ ನಿಂತಿತು. ಲಂಡನ್ನಿನ ಅಡಿಯಲ್ಲಿರುವುದು ಜೇಡಿಮಣ್ಣು, ನೀರು ಆರಿದರೆ ಕುಗ್ಗುತ್ತದೆ. ಪಾಪ್ಲರ್ ಬೇರುಗಳು ನಮ್ಮ ಮನೆಯ ಕೆಳಗಿನ ಒದ್ದೆಯನ್ನೆಲ್ಲ ಕುಡಿದುಬಿಟ್ಟವು. ಜೂನ್‌ನಲ್ಲಿ ಹಿಂಬಾಗಿಲು ಹಾಕಿಕೊಳ್ಳದಾಯಿತು. ಜುಲೈನಲ್ಲಿ ಅತ್ತೆಯ ಕೋಣೆಯ ಮೂಲೆಯಿಂದ ಮೇಲಿನ ಕಿಟಕಿಯವರೆಗೆ ಬಿರುಕು ಬಿಟ್ಟಿತು. ಮೊದಲು ಕೂದಲೆಳೆ, ಆಮೇಲೆ ಬೆರಳು ತೂರುವಷ್ಟು. ಇನ್ಶೂರೆನ್ಸಿನವನು ಬಂದು ಬಿರುಕಿಗೆ ಅಡ್ಡಲಾಗಿ ಗೀರು ಹಾಕಿದ ಪ್ಲಾಸ್ಟಿಕ್ ಪಟ್ಟಿ ಅಂಟಿಸಿ, ಒಂದು ವರ್ಷ ಅಳೆದು ನೋಡೋಣ ಎಂದು ಹೋದ. ಗೋಡೆ ಕುಸಿದರೆ ಪಟ್ಟಿ ಏನು ಮಾಡುತ್ತದೆ ಎಂದು ಕೇಳಿದೆ. ಅವನಿಗೆ ನಗು ಬಂತು, ನನಗೆ ಬರಲಿಲ್ಲ.

ಬಿರುಕಿಗಿಂತ ನನಗೆ ಕೊಂಬೆಯ ಭಯ. ಅದರ ಬುಡದಲ್ಲಿ ತೊಗಟೆ ಸೀಳಿದಂತೆ ಕಾಣುತ್ತಿತ್ತು. ಏಜೆನ್ಸಿಗೆ ಫೋನ್ ಮಾಡಿದೆ. ಮರಕ್ಕೆ ಕೌನ್ಸಿಲ್ ರಕ್ಷಣೆ ಇದೆ, ನಾವು ಮುಟ್ಟುವ ಹಾಗಿಲ್ಲ ಎಂದರು. ಕೌನ್ಸಿಲ್‌ಗೆ ಫೋನ್ ಮಾಡಿದರೆ ಮರ ಖಾಸಗಿಯವರದು, ಅವರಿಗೆ ಹೇಳಿ ಎಂದರು. ಎರಡೂ ಕಡೆ ಫೋನ್ ಹಿಡಿದು ಕಾಯುವಾಗ ಕೇಳಿಸುವ ಸಂಗೀತವೂ ನನಗೆ ಬಾಯಿಪಾಠವಾಯಿತು. ಕೊನೆಗೆ ಜಗಳ ಮಾಡಿ, ಅತ್ತು, ಮರ ನೋಡುವ ಅಧಿಕಾರಿಯನ್ನು ಮನೆಗೆ ಕರೆಸಿದೆ.

ಬಂದವನು ಸಭ್ಯ ಹುಡುಗ. ಬೆವರು ಒರೆಸಿಕೊಳ್ಳುತ್ತ ಕಾಂಡವನ್ನು ಸುತ್ತಿಗೆಯಿಂದ ಬಡಿದು ನೋಡಿದ, ಮರ ಆರೋಗ್ಯವಾಗಿದೆ ಎಂದ. ಕೊಂಬೆ ಕತ್ತರಿಸಲು ಅರ್ಜಿ ಹಾಕಿ, ಪರಿಶೀಲಿಸುತ್ತೇವೆ ಎಂದ. ಆಮೇಲೆ ದನಿ ತಗ್ಗಿಸಿ, ಇದು ನಿಮ್ಮವರಿಗೆ ಪವಿತ್ರ ಮರವಲ್ಲವೇ, ಮನೆಯ ಹಿರಿಯರ ಅಭಿಪ್ರಾಯ ಕೇಳಬಹುದೇ ಎಂದ. ನಮ್ಮ ಮನಸ್ಸು ನೋಯಬಾರದು ಎಂಬ ಕಾಳಜಿ ಅವನಿಗೆ. ಅತ್ತೆಯ ಕೋಣೆಗೆ ಕರೆದೊಯ್ದೆ. ಅವರು ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತಿದ್ದರು.

"ಅತ್ತಿ, ಇವರು ಕೌನ್ಸಿಲ್‌ನವರು. ಈ ಟೊಂಗಿ ಕಡಸೂದು ನಿಮಗ ಒಪ್ಪಿಗಿ ಅದ ಏನು ಅಂತ ಕೇಳ್ತಾರ. ಹೂಂ ಅನ್ರಿ. ತಲೀ ಮ್ಯಾಲೆ ಬೀಳ್ತದ ಅದು."

"ಅಶ್ವತ್ಥದ ಟೊಂಗಿ ಕಡೀಲಿಕ್ಕೆ ಒಪ್ಪಿಗಿ ಕೊಡಂತೀ? ನನ್ನ ಬಾಯಿಂದ ಆ ಮಾತು ಬರೂದಿಲ್ಲವಾ ಸುಮಾ. ನಾ ಸತ್ತ ಮ್ಯಾಲೆ ಏನರೆ ಮಾಡಿಕೊಳ್ರಿ. ಆ ಡೊರೊತಿಬಾಯಿ ನನಗ ಅಂತ ಉಳಿಸಿಕೊಟ್ಟಾಳ."

ನಾನು ಅವನತ್ತ ತಿರುಗಿ, ಅವರಿಗೂ ಭಯವಾಗಿದೆ, ದಯವಿಟ್ಟು ಬೇಗ ಕತ್ತರಿಸಿ ಅನ್ನುತ್ತಿದ್ದಾರೆ ಎಂದೆ. ಮುಖದಲ್ಲಿ ಏನೂ ತೋರಗೊಡಲಿಲ್ಲ. ಇವತ್ತಾದರೂ ಅದನ್ನೇ ಹೇಳುತ್ತೇನೆ.

ಬಾಗಿಲಲ್ಲಿ ನಿಂತಿದ್ದ ಅನಘಾ, ಹನ್ನೆರಡರ ಪೋರಿ, ಕನ್ನಡ ಎಲ್ಲ ತಿಳಿದರೂ ಒಂದಕ್ಷರ ಮಾತಾಡದವಳು, ಆಗ ಬಾಯಿಬಿಟ್ಟಳು.

"ಮಮ್! ದಟ್ಸ್ ನಾಟ್ ವಾಟ್ ಅಜ್ಜಿ ಸೆಡ್."

ಅತ್ತೆ ಅದೇ ಸಮಯಕ್ಕೆ ಕಿಟಕಿಯತ್ತ ತಿರುಗಿ ಮರಕ್ಕೆ ಕೈ ಮುಗಿದರು. ಹುಡುಗ ನನ್ನನ್ನೂ ಅವರನ್ನೂ ನೋಡಿ, ಟೋಪಿ ಕೈಯಲ್ಲಿ ಹಿಡಿದು, ಅರ್ಥವಾಗುತ್ತದೆ ಎಂದ. ಅವನಿಗೆ ಅರ್ಥವಾದದ್ದು ಏನೋ. ಅರ್ಜಿ ಹಾಕಿದೆವು. ಉತ್ತರಕ್ಕೆ ಶರತ್ಕಾಲದವರೆಗೆ ಕಾಯಬೇಕಿತ್ತು. ಅನಘಾಳ ಮೇಲೆ ನಾನು ಕೂಗಾಡಿದೆ. ಸುಳ್ಳು ಹೇಳಬಾರದೆಂದು ಕಲಿಸಿದವಳು ನೀನೇ ಅಲ್ಲವೇ ಎಂದು ಅವಳೂ ಅತ್ತಳು.

ಅತ್ತೆಯ ಮಂಚವನ್ನು ಮುಂದಿನ ಹಾಲಿಗೆ ಸಾಗಿಸಿದೆವು. ಅಲ್ಲಿಂದ ಮರ ಕಾಣುತ್ತಿರಲಿಲ್ಲ. ಅವರು ಸಿಟ್ಟು ಮಾಡಲಿಲ್ಲ, ಊಟ ಬಿಟ್ಟರು. ಮಜ್ಜಿಗೆ ಕೊಟ್ಟರೆ ತುಟಿಗೆ ತಾಗಿಸಿ ಇಟ್ಟುಬಿಡುವರು. ನಾಲ್ಕನೆಯ ದಿನ ಶ್ರೀಕಾಂತ ಕೆಲಸದಿಂದ ಬಂದವರೇ ಅಂಗಿಯ ತೋಳು ಮಡಚಿ ಮಂಚ ಎತ್ತತೊಡಗಿದರು.

"ಏನ್ರೀ, ತಲೀ ಕೆಟ್ಟದ ಏನು ನಿಮಗ? ಆ ಟೊಂಗಿ ನೋಡೀರಿಲ್ಲೋ?"

"ನೋಡೀನಿ. ಹಸಕೊಂಡು ಸಾಯೂದನ್ನ ಕಣ್ಣೆದುರಿಗೆ ನೋಡಲಿಕ್ಕೆ ನನಗ ಆಗೂದಿಲ್ಲ ಸುಮಾ. ಟೊಂಗಿ ಇಷ್ಟ ವರ್ಷ ಬಿದ್ದಿಲ್ಲ, ಇನ್ನೆರಡ ತಿಂಗಳು ತಡೀತದ. ಹಿಡಿ ಆ ಕಡೆ."

ನಾನು ಆ ಕಡೆ ಹಿಡಿದೆ. ಕೋಣೆಗೆ ಬಂದೊಡನೆ ಅತ್ತೆ ಅನ್ನ-ಸಾರು ಕೇಳಿ ಉಂಡರು. ಎಷ್ಟು ಸಿಟ್ಟು ಬಂದಿತ್ತೆಂದರೆ ಬಡಿಸುವಾಗ ಸೌಟು ಕುಕ್ಕಿದೆ. ಹೆದರಿಕೆಯಾದಾಗಲೆಲ್ಲ ನನಗೆ ಸಿಟ್ಟೇ ಬರುವುದು.

ಆಗಸ್ಟಿನ ಒಂದು ಮಧ್ಯಾಹ್ನ, ಗಾಳಿಯೆಂಬುದೇ ಇರಲಿಲ್ಲ. ಯಾವತ್ತೂ ನಡುಗುವ ಆ ಎಲೆಗಳೂ ಅಂದು ಅಲುಗದೆ ನಿಂತಿದ್ದವು. ಬಿರುಗಾಳಿಗೆ ಕೊಂಬೆ ಬೀಳುವುದು ಎಲ್ಲರಿಗೂ ಗೊತ್ತು, ಅದಕ್ಕೇ ಮೋಡ ಕಂಡರೆ ಅತ್ತೆಯನ್ನು ಹಾಲಿಗೆ ಕರೆತರುತ್ತಿದ್ದೆ. ಬಿಸಿಲ ಝಳಕ್ಕೆ, ಗಾಳಿಯಿಲ್ಲದ ಹೊತ್ತಿನಲ್ಲೇ ಹಸಿ ಕೊಂಬೆಗಳು ಮುರಿದು ಬೀಳುತ್ತವೆಂದು ಆಮೇಲೆ ಕೌನ್ಸಿಲ್‌ನವರು ಹೇಳಿದರು. ನಾನು ಅಡುಗೆಮನೆಯಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದೆ. ಮೊದಲು ಬಟ್ಟೆ ಹರಿದಂಥ ಸದ್ದು, ಆಮೇಲೆ ಮನೆಯೇ ಕುಂತಂಥ ಸದ್ದು. ಕೋಣೆಯ ಬಾಗಿಲು ತೆರೆಯಲಿಲ್ಲ. ಒಳಗೆಲ್ಲ ಧೂಳು, ಬಾಗಿಲ ಸಂದಿಯಿಂದ ಹಸಿರು ಎಲೆ ಹೊರಗೆ ಬಂದಿದ್ದವು, ಆ ಕಹಿ-ಸಿಹಿ ವಾಸನೆ ಮನೆ ತುಂಬಿತು.

ಅಗ್ನಿಶಾಮಕ ದಳದವರು ಕಿಟಕಿಯಿಂದ ಇಳಿದು ಗರಗಸದಿಂದ ಕೊಂಬೆ ತುಂಡು ಮಾಡಿ ಅತ್ತೆಯನ್ನು ಹೊರತೆಗೆದರು. ಸೊಂಟ ಮುರಿದಿತ್ತು, ಎಚ್ಚರವಿತ್ತು. ಸ್ಟ್ರೆಚರಿನ ಮೇಲೆ, ಕೂದಲಲ್ಲಿ ಎಲೆ ಸಿಕ್ಕಿಸಿಕೊಂಡು, ನನ್ನ ಕೈ ಹುಡುಕಿ ಕೇಳಿದರು.

"ಗಿಡಕ್ಕ ಭಾಳ ಪೆಟ್ಟಾತೇನು ಸುಮಾ?"

ನನಗೆ ಬೈಯಬೇಕೆನಿಸಿತು. ಅವರ ತಲೆಯಿಂದ ಎಲೆ ತೆಗೆದೆ, ಇಲ್ಲರಿ ಅತ್ತಿ, ಒಂದ ಟೊಂಗಿ ಅಷ್ಟ, ಎಂದೆ.

ಆಮೇಲೆ ಎಲ್ಲರೂ ಚುರುಕಾದರು. ಅಷ್ಟು ದಿನ ಪರಿಶೀಲನೆಯಲ್ಲಿದ್ದ ಅನುಮತಿ ಒಂದೇ ವಾರದಲ್ಲಿ ಬಂತು. ಸ್ಪೇನಿನಿಂದ ಹೂಗುಚ್ಛ ಬಂತು. ಸೆಪ್ಟೆಂಬರಿನಲ್ಲಿ ಆಳುಗಳು ಬಂದು ಮರವನ್ನು ತುದಿಯಿಂದ ಬುಡದವರೆಗೆ ತುಂಡು ತುಂಡಾಗಿ ಇಳಿಸಿದರು, ಮೋಟು ಹಾಗೆಯೇ ಬಿಟ್ಟು ಹೋದರು. ಹಿತ್ತಲಿಗೆ ಎಷ್ಟೋ ವರ್ಷಗಳ ಮೇಲೆ ಬಿಸಿಲು ಬಿತ್ತು. ನಾನು ಅಡುಗೆಮನೆಯ ಕಿಟಕಿಗೆ ಪರದೆ ಎಳೆದುಬಿಟ್ಟೆ.

ಅವ್ವನಿಗೆ ಹೇಳಬೇಡ ಎಂದರು ಶ್ರೀಕಾಂತ. ನಾನೂ ಹೇಳಲಿಲ್ಲ. ಶಸ್ತ್ರಚಿಕಿತ್ಸೆಯ ನಂತರ ಅತ್ತೆ ಮೇಲೇಳಲೇ ಇಲ್ಲ, ಎದೆಯಲ್ಲಿ ಕಫ ಕಟ್ಟಿತು. ವಾರ್ಡಿನಲ್ಲಿ ಸುತ್ತಲೂ ಇಂಗ್ಲಿಷ್, ಅವರಿಗೆ ದಿನ ಯಾವುದೆಂದು ತಿಳಿಯುತ್ತಿರಲಿಲ್ಲ. ಹೋದಾಗಲೆಲ್ಲ ಒಂದೇ ಪ್ರಶ್ನೆ.

"ಇವತ್ತ ಶನಿವಾರ ಹೌದಲ್ಲೋ? ಗಿಡಕ್ಕ ನೀರ ಹಾಕಿದ್ಯಾ?"

"ಹಾಕೀನ್ರಿ ಅತ್ತಿ."

ಮೊದಲ ಸಲ ಸುಳ್ಳು ಹೇಳಿದೆ. ಮುಂದಿನ ಶನಿವಾರ ಆಸ್ಪತ್ರೆಗೆ ಹೊರಡುವ ಮುಂಚೆ, ಡೊರೊತಿ ಮಾಡಿಸಿಕೊಟ್ಟ ಬೇಲಿಯ ಬಾಗಿಲಿಂದ ಹೋಗಿ ಆ ಮೋಟಿನ ಮೇಲೆ ಒಂದು ತಂಬಿಗೆ ನೀರು ಸುರಿದು ಬಂದೆ. ಅರಳಿಯಲ್ಲವೆಂದು ಮೊದಲ ದಿನದಿಂದ ಹೇಳುತ್ತ ಬಂದವಳು ನಾನು. ಆದರೂ ಪ್ರತಿ ಶನಿವಾರ ಸುರಿದೆ, ನವರಾತ್ರಿಯವರೆಗೆ. ನವಮಿಯ ದಿನ ಅತ್ತೆ ಹೋದರು. ತನ್ನ ಅಶ್ವತ್ಥ ಹಿತ್ತಲಲ್ಲಿ ನಿಂತಿದೆ ಎಂದುಕೊಂಡೇ ಹೋದರು. ಅದರಿಂದ ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ.

ಮನೆಯಾದರೂ ಉಳಿಯಿತಲ್ಲ ಎಂದುಕೊಂಡೆವು. ಆ ಚಳಿಗಾಲದ ಮಳೆಗೆ ಬಿರುಕು ಮುಚ್ಚಿಕೊಂಡಿತು, ಆಮೇಲೆ ಬೇರೆ ಕಡೆ, ಮೆಟ್ಟಿಲ ಗೋಡೆಯಲ್ಲಿ, ಹೊಸ ಬಿರುಕು ತೆರೆಯಿತು. ಪ್ಲಾಸ್ಟಿಕ್ ಪಟ್ಟಿಯವನು ಮತ್ತೆ ಬಂದು ವಿವರಿಸಿದ: ಮರ ಇದ್ದಾಗ ಮಣ್ಣು ಕುಗ್ಗಿತ್ತು, ಈಗ ನೀರು ಕುಡಿಯುವವರಿಲ್ಲದೆ ಉಬ್ಬುತ್ತಿದೆ, ಮನೆಯನ್ನು ಕೆಳಗಿನಿಂದ ಎತ್ತುತ್ತಿದೆ. ಎಷ್ಟು ವರ್ಷ ಹೀಗೆ ಎಂದು ಶ್ರೀಕಾಂತ ಕೇಳಿದರು. ಹೇಳಲಾಗದು ಎಂದ. ಮರ ಇದ್ದರೂ ಕೇಡು, ಹೋದರೂ ಕೇಡು ಎಂದಾದ ಮೇಲೆ ನಾವು ಯಾರ ಜೊತೆ ಹೊಡೆದಾಡುವುದು? ಬಂದ ಬೆಲೆಗೆ ಮನೆ ಮಾರಿ ಸಟನ್ನಿನ ಬಾಡಿಗೆ ಫ್ಲಾಟಿಗೆ ಬಂದೆವು, ಮೂರನೆಯ ಮಹಡಿ. ಶ್ರೀಕಾಂತ ಅಂದಿನಿಂದ ಮಂಚದ ಸುದ್ದಿ ಎತ್ತಿಲ್ಲ. ನಾನೂ ಎತ್ತುವುದಿಲ್ಲ. ಅವರು ಒಮ್ಮೊಮ್ಮೆ ಊಟದ ನಡುವೆ ಕೈ ನಿಲ್ಲಿಸಿ ಕೂತಾಗ ಏನು ನೆನೆಯುತ್ತಿದ್ದಾರೆಂದು ನನಗೆ ಗೊತ್ತಾಗುತ್ತದೆ.

ವಿದ್ಯಾಳಿಗೆ ಇದನ್ನೆಲ್ಲ ಹೇಳಿದೆ, ಆ ಕುಡಿಯ ಎದುರು ನಿಂತು. ಇದು ಅರಳಿಯಲ್ಲ, ನಡುವಿನ ಡೊರೊತಿಯ ಮನೆಯ ಮೋಟಿನ ಬೇರು ನಿಮ್ಮ ನೆಲದಡಿ ಬಂದಿದೆ, ನೋಡು ಹಾಸುಗಲ್ಲು ಆಗಲೇ ಎದ್ದಿದೆ, ಇವತ್ತೇ ಅಗೆದು ತೆಗೆಸಿಬಿಡು ಎಂದೆ. ಅವಳು ಕಣ್ಣರಳಿಸಿ ಕೇಳಿದಳು, ಅಯ್ಯಯ್ಯ ಪಾಪ ಎಂದಳು. ನನ್ನ ತೋಳು ಸವರಿದಳು.

"ಆದ್ರ ನಮ್ಮದಿನ್ನೂ ಸಣ್ಣದೈತಲ್ರಿ ಆಂಟಿ. ಪೂಜಿ ಮಾಡೇವಿ, ಹೆಂಗ ಕೀಳೂದ್ರಿ? ಮತ್ತ ನಾ ಹರಕಿ ಹೊತ್ತೀನ್ರಿ ಇದಕ್ಕ, ಒಂದ ಕೂಸಾಗಲಿ ಅಂತ."

ನಾನೇ ಬಗ್ಗಿ ಕೀಳಲು ನೋಡಿದೆ, ಅವಳು ಬ್ಯಾಡ್ರಿ ಅನ್ನುವಷ್ಟರಲ್ಲಿ. ಎರಡೂ ಕೈಯಿಂದ ಎಳೆದರೂ ಕುಡಿ ಅಲುಗಲಿಲ್ಲ, ನಾಲ್ಕು ಎಲೆ ಕೈಗೆ ಬಂದವು. ವಿದ್ಯಾ ಬೇಸರಿಸಲಿಲ್ಲ, ಒಳಗಿನಿಂದ ತಾಮ್ರದ ತಂಬಿಗೆ ತಂದು ನನ್ನ ಕೈಗಿಟ್ಟಳು.

"ಸಿಟ್ಟ ಬಿಡ್ರಿ ಆಂಟಿ. ಶನಿವಾರ ಐತಿ, ನೀವ ಹಿರೇರು, ನೀವ ನೀರ ಹಾಕ್ರಿ."

ಇಲ್ಲ ಎಂದೆ. ಅವಳ ಕಣ್ಣೆದುರೇ ತಂಬಿಗೆಯನ್ನು ದೂರದ ಹಾಸುಗಲ್ಲಿನ ಮೇಲೆ ಬೋರಲು ಹಾಕಿದೆ. ಬೇರು ಎತ್ತಿದ್ದರಿಂದ ಆ ಕಲ್ಲು ಒಂದು ಕಡೆ ಓರೆಯಾಗಿತ್ತು. ನೀರೆಲ್ಲ ಸಂದಿ ಹಿಡಿದು ಹರಿದು ಕುಡಿಯ ಬುಡಕ್ಕೇ ಹೋಯಿತು.